ಪಾಲನೆಗೂ ಸಲ್ಲಲಿ ಪುರಸ್ಕಾರ

ಕನ್ನಡನಾಡಿನ ಶಿಲಾಶಾಸನಗಳಲ್ಲಿ ಕೆರೆಗೆ ಸಂಬಂಧಿಸಿದವು ಎಷ್ಟೋ ಉಂಟು. ಅವುಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಕೆರೆಯನ್ನು ಕಟ್ಟಿಸಿದಾತನನ್ನು, ಇಲ್ಲವೆ ಒಡೆದುಹೋಗಿದ್ದ ಏರಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದಾತನನ್ನು ಹೊಗಳಿ ಸುಮ್ಮನಾಗುವುದು ನಮ್ಮ ಹಿಂದಿನ ಅರಸರ ಮತ್ತು ಊರ ಹಿರಿಯರ ಪದ್ಧತಿಯಾಗಿರಲಿಲ್ಲ. ಆತನಿಗೆ ಕೆರೆಯ ಕೆಳಗಣ ಗದ್ದೆಯಲ್ಲಿ ಒಂದು ಭಾಗವನ್ನು ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಕಟ್ಟುಕೊಡಗೆಯಾಗಿ ಬಿಟ್ಟುಕೊಡುತ್ತಿದ್ದರು. ಕೆರೆಯ ನೀರುಂಡ ನೆಲದ ಆದಾಯದಲ್ಲಿ ಒಂದಂಶವನ್ನು ಬಿತ್ತುವಟ್ಟವೆಂದು ಆ ಕೆರೆಯ ಜೀರ್ಣೋದ್ಧಾರಕ್ಕೇ ಮೀಸಲಿಡುತ್ತಿದ್ದರು. ತೂಬನ್ನು ನೋಡಿಕೊಂಡು ಸರದಿಯಂತೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ಊರವರ ಕಣದಿಂದ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆ ಸುಸ್ಥಿತಿಯಲ್ಲಿರುವಷ್ಟು ಕಾಲ ಕೊಡಗೆಯ ಗದ್ದೆ ಬೆಳೆಯುವುದು. ಏರಿ ಒಡೆದರೆ ಕೊಡಗೆಯೂ ಒಣಗುವುದು. ಲೋಕೋಪಕಾರವಾದ ಕೆಲಸವೊಂದನ್ನು ಮಾಡಿದವನಿಗೆ ಸಲ್ಲುವ ಪುರಸ್ಕಾರವನ್ನು ಆ ಕೆಲಸದ ಪಾಲನೆಯೊಡನೆಯೇ ಬಿಗಿದು ಕಟ್ಟಿದ ಈ ಏರ್ಪಾಡಿನಲ್ಲಿ ಮನುಷ್ಯಸ್ವಭಾವದ ಆಳವಾದ ಅರಿವಿದೆ.

ಈ ಮಾತನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ಪ್ರಕೃತಿಗೆ ಭಾರವಾಗದಂತೆ ಬಾಳಬೇಕೆಂಬ ವಿಚಾರದಲ್ಲಿ ಇಂದು ಯಾವ ಸರ್ಕಾರಕ್ಕೂ ಭಿನ್ನಾಭಿಪ್ರಾಯವಿಲ್ಲ. ಮಾಳಿಗೆಯ ಮೇಲೆ ಸೌರಫಲಕ ಹಾಕಿಸುವವರಿಗೆ ಸಹಾಯಧನವಿದೆ, ವಿದ್ಯುತ್ ಚಾಲಿತ ಸ್ಕೂಟರು ಕೊಳ್ಳುವವರಿಗೆ ರಿಯಾಯಿತಿಯಿದೆ, ಹನಿ ನೀರಾವರಿಯ ಕೊಳವೆಗಳಿಗೆ, ಕೃಷಿಹೊಂಡಕ್ಕೆ, ಗೋಬರ್ ಗ್ಯಾಸ್ ಸ್ಥಾವರಕ್ಕೆ, ಬಡವರ ಮನೆಯ ಅಡುಗೆ ಅನಿಲದ ಸಂಪರ್ಕಕ್ಕೆ ಬೇರೆ ಬೇರೆ ಯೋಜನೆಗಳ ಹೆಸರಿನಲ್ಲಿ ನೆರವು ದೊರೆಯುತ್ತಿದೆ. ಇವೆಲ್ಲ ಸದುದ್ದೇಶದಿಂದ ಹುಟ್ಟಿದವು, ಸ್ವಾಗತಾರ್ಹವಾದವು. ಆದರೆ ಇವುಗಳಲ್ಲಿ ಬಹುಪಾಲು ವಸ್ತುವನ್ನು ಕೊಳ್ಳುವ ದಿನಕ್ಕೆ ಸಲ್ಲುವ ಕೊಡುಗೆಗಳು. ಕೊಂಡ ವಸ್ತು ಮೂರನೆಯ ವರ್ಷದಲ್ಲಿ ಕೆಲಸ ಮಾಡುತ್ತಿದೆಯೆ, ಹತ್ತನೆಯ ವರ್ಷದಲ್ಲಿ ಇದೆಯೆ ಎಂಬುದನ್ನು ವಿಚಾರಿಸುವ ಹೊಣೆಯನ್ನು ಅವು ಹೊತ್ತಿಲ್ಲ. ಸರ್ಕಾರದ ಪ್ರೋತ್ಸಾಹವು ಕೊಳ್ಳುವಿಕೆಯಲ್ಲಿ ಮುಗಿಯದೆ ಪಾಲನೆಯವರೆಗೂ ಬರತಕ್ಕದ್ದು; ಪ್ರಜೆಯ ಆಯ್ಕೆಯೂ ಪ್ರೋತ್ಸಾಹ ನಿಂತ ಮೇಲೆ ಉಳಿಯುವಂಥದಾಗಿರತಕ್ಕದ್ದು. ಈ ಎರಡು ಕೂಡಿದಾಗ ಮಾತ್ರ ಹಸಿರು ಬಾಳು ಎಂಬುದು ನಾಡಿನ ನಡವಳಿಕೆಯಾಗುತ್ತದೆ ಎಂಬುದೇ ಈ ಲೇಖನದ ಅಭಿಪ್ರಾಯ.

ಒಮ್ಮೆ ಕೊಟ್ಟು ಮುಗಿಸುವ ನೆರವು ಎಲ್ಲ ಕಡೆಯೂ ನಿಷ್ಫಲವೆಂದು ಹೇಳಿದರೆ ಅನ್ಯಾಯವಾದೀತು. ಎಲ್‌ಇಡಿ ಬಲ್ಬಿನ ಕಥೆಯನ್ನೇ ನೋಡಬಹುದು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಉಜಾಲಾ ಯೋಜನೆಯನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದಿತು. ಸರ್ಕಾರಿ ಸಂಸ್ಥೆಯೊಂದು ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಖರೀದಿ ಮಾಡಿದುದರ ಫಲವಾಗಿ, 2014ರಲ್ಲಿ ಒಂದಕ್ಕೆ ಸುಮಾರು 310 ರೂಪಾಯಿಯಿದ್ದ ಖರೀದಿ ಬೆಲೆ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬುಗಳು ಈ ಯೋಜನೆಯ ಮೂಲಕವೇ ಹಂಚಿಕೆಯಾದುವು. ಇಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಹಳೆಯ ತಂತಿಯ ಬಲ್ಬನ್ನು ಕೇಳಿ ಪಡೆಯುವುದು ಕಷ್ಟ. ಇಲ್ಲಿ ಸರ್ಕಾರ ಮಾಡಿದ್ದು ಒಂದೇ ತಳ್ಳು. ಆ ಮೇಲಿನ ದಾರಿಯನ್ನು ಪೇಟೆಯೇ ನಡೆಯಿತು. ಆದರೆ ಈ ಯಶಸ್ಸಿಗೆ ಒಂದು ವಿಶೇಷವಾದ ಅನುಕೂಲವಿದ್ದುದನ್ನು ಮರೆಯಬಾರದು. ಬಲ್ಬಿಗೆ ಪಾಲನೆ ಬೇಡ. ಹೋಲ್ಡರಿಗೆ ಸಿಕ್ಕಿಸಿದ ಮೇಲೆ ಅದು ತಾನಾಗಿ ಉರಿಯುತ್ತದೆ; ಯಜಮಾನನು ಶ್ರದ್ಧಾವಂತನಾಗಿರಲಿ, ಉದಾಸೀನನಾಗಿರಲಿ, ಉಳಿತಾಯ ಒಂದೇ. ಯಾವ ವಸ್ತುವಿಗೆ ದಿನದಿನದ ಆರೈಕೆ ಬೇಕೋ ಅದರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಅದಕ್ಕೆ ನಿದರ್ಶನ ಗೋಬರ್ ಗ್ಯಾಸು. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಯೋಜನೆಯೊಂದು ಮೊದಲಾಗಿ, ಹಟ್ಟಿಯಿದ್ದ ಮನೆಮನೆಗೂ ಸ್ಥಾವರವಾಗಲಿ ಎಂಬ ಉತ್ಸಾಹದಿಂದ ಸಹಾಯಧನ ಹರಿದುಬಂದಿತು. ಗುರಿ ಮುಟ್ಟಿದ ಸಂಖ್ಯೆಗಳು ವರದಿಗಳಲ್ಲಿ ಸೇರಿದುವು. ಆದರೆ ನಾಡಿನ ಎಷ್ಟೋ ಊರುಗಳಲ್ಲಿ, ಗುಂಬಜಿನ ಗಾರೆ ಬಿರಿದು ಅನಿಲ ಸೋರಿಹೋಗಿಯೋ, ದನಗಳನ್ನು ಮಾರಿದ್ದರಿಂದಲೋ, ಕೆಟ್ಟಾಗ ಬಂದು ನೋಡುವವರಿಲ್ಲದೆಯೋ, ಆ ಸ್ಥಾವರಗಳು ಕಸ ತುಂಬಿದ ಗುಂಡಿಗಳಾದುವು. ಕಟ್ಟಿಸಿದ ದಿನ ಹಣ ಬಂದಿತ್ತು. ಕೆಟ್ಟ ದಿನ ಯಾರೂ ಬರಲಿಲ್ಲ.

ಇದೇ ಕಾಲದಲ್ಲಿ ಇದೇ ಸಹಾಯಧನವನ್ನು ಪಡೆದ ಉತ್ತರ ಕನ್ನಡದ ಶಿರಸಿ ತಾಲ್ಲೂಕಿನಲ್ಲಿ ಬೇರೆಯ ಕಥೆ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿನ ಸ್ಥಾವರಗಳನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನದಂತೆ, ಹೆಚ್ಚುಕಡಮೆ ಎಲ್ಲವೂ ಸುಸ್ಥಿತಿಯಲ್ಲಿ ನಡೆಯುತ್ತಿದ್ದುವು. ಇದರ ಗುಟ್ಟನ್ನು ಅರಿಯಬೇಕಾದರೆ ಮಲೆನಾಡಿನ ಅಡಕೆ ತೋಟದ ಮನೆಯೊಂದರ ಬೆಳಗನ್ನು ಹತ್ತಿರದಿಂದ ನೋಡಬೇಕು. ಕೊಟ್ಟಿಗೆಯ ಸಗಣಿಯನ್ನು ಬಾಚಿ ತಂದು, ಸ್ಥಾವರದ ಬಾಯಲ್ಲಿರುವ ತೊಟ್ಟಿಗೆ ಹಾಕಿ, ಅಷ್ಟೇ ಪ್ರಮಾಣದ ನೀರು ಹೊಯ್ದು ಕದಡುತ್ತಾರೆ. ಹುಲ್ಲಿನ ಕಡ್ಡಿ, ಕಲ್ಲಿನ ಹರಳು ಕೈಗೆ ಸಿಕ್ಕಿದಷ್ಟನ್ನೂ ಆರಿಸಿ ತೆಗೆಯುತ್ತಾರೆ. ಅವು ಒಳಕ್ಕೆ ಹೋದರೆ ಮೇಲೆ ಕೆನೆಗಟ್ಟಿ ಅನಿಲ ಏಳುವುದನ್ನು ತಡೆಯುತ್ತವೆ ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಗಂಜಿಯ ಹದಕ್ಕೆ ಬಂದ ಮೇಲೆ ಮುಚ್ಚಳ ತೆಗೆದು ಒಳಕ್ಕೆ ಬಿಡುತ್ತಾರೆ. ಹೊಸದು ಒಳಗೆ ಹೋದಷ್ಟೂ ಇನ್ನೊಂದು ಕಡೆಯಿಂದ ಅನಿಲ ಕಳೆದುಕೊಂಡ ಬಗ್ಗಡ ಹೊರಗೆ ಬಂದು ಗುಂಡಿ ಸೇರುತ್ತದೆ; ಅದರ ಮೇಲೆ ಸೊಪ್ಪಿನ ಬೆಟ್ಟದಿಂದ ತಂದ ಒಣ ಎಲೆಯ ದರಕು ಹಾಸುತ್ತಾರೆ, ಮತ್ತೆ ಬಗ್ಗಡ, ಮತ್ತೆ ದರಕು. ಅದು ಕೊಳೆತು ಗೊಬ್ಬರವಾಗಿ ಅಡಕೆಯ ಬುಡಕ್ಕೆ ಹೋಗುತ್ತದೆ. ಅಡುಗೆಮನೆಯಲ್ಲಿ ನೀಲಿ ಜ್ವಾಲೆ, ಹೊಗೆಯಿಲ್ಲದ ಗೋಡೆ, ಬೆಟ್ಟದಲ್ಲಿ ಉಳಿದ ಸೌದೆ, ತೋಟಕ್ಕೆ ಗೊಬ್ಬರ: ಒಂದು ಮುಂಜಾನೆಯ ಅರೆಗಳಿಗೆಯ ದುಡಿಮೆಗೆ ಇಷ್ಟು ಫಲ.

ಶಿರಸಿಯವರು ಸಹಾಯಧನವನ್ನು ನಿರಾಕರಿಸಿದವರಲ್ಲ. ಆದರೆ ಅಲ್ಲಿ ಸ್ಥಾವರ ಕಟ್ಟುವ ಮೇಸ್ತ್ರಿಗಳು ಹತ್ತಿರದ ಊರಿನವರೇ ಆಗಿದ್ದು, ಕೆಲಸಕ್ಕೆ ಭರವಸೆ ಕೊಟ್ಟು, ಕೆಟ್ಟರೆ ಉಚಿತವಾಗಿ ಬಂದು ಸರಿಮಾಡುತ್ತಿದ್ದರು. ಒಬ್ಬನ ಕೆಲಸ ಕೆಟ್ಟರೆ ಮುಂದಿನ ಮನೆಯವನು ಮತ್ತೊಬ್ಬನನ್ನು ಕರೆಯುವನು. ಆದಕಾರಣ ಕಟ್ಟಿದವನ ಜೀವನೋಪಾಯವೇ ಕಟ್ಟಿದ್ದರ ಬಾಳಿಕೆಯನ್ನು ಅವಲಂಬಿಸಿತ್ತು. ತೋಟಕ್ಕೆ ಗೊಬ್ಬರ ಬೇಕೆಂಬ ಅಗತ್ಯ ಮನೆಯವರದಾಗಿತ್ತು. ಹೀಗೆ ಪ್ರಜೆಯ ಅಗತ್ಯ, ಕುಶಲಕರ್ಮಿಯ ಹೊಣೆ, ಸರ್ಕಾರದ ನೆರವು ಮೂರೂ ಒಂದೇ ಸ್ಥಾವರದ ಸುತ್ತ ಸೇರಿಕೊಂಡುವು. ನೆರವು ಮಾತ್ರ ಇದ್ದ ಕಡೆ ಗುಂಡಿ ಉಳಿಯಿತು. ಮೂರೂ ಇದ್ದ ಕಡೆ ಒಲೆ ಉರಿಯಿತು.

ಈಗ ನಾಡಿನ ಮುಂದಿರುವ ದೊಡ್ಡ ಪ್ರಯತ್ನ ಮಾಳಿಗೆಯ ಸೌರವಿದ್ಯುತ್ತಿನದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಪ್ರಕಾರ ಒಂದು ಕಿಲೋವ್ಯಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೇಲ್ಪಟ್ಟುದಕ್ಕೆ 78,000 ರೂಪಾಯಿ ಕೇಂದ್ರದ ಸಹಾಯಧನ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ. ಒಂದು ಕೋಟಿ ಮನೆಗಳನ್ನು ತಲುಪುವುದು ಗುರಿ. ಅದಕ್ಕಾಗಿ ತೆಗೆದಿಟ್ಟ ಮೊತ್ತ 75,021 ಕೋಟಿ. ನಮ್ಮ ನಾಡಿನ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಫಲಕಗಳು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ವಿದ್ಯುತ್ತನ್ನು ಕೊಡುತ್ತವೆ. ಅದಕ್ಕೆ ಬೇಕಾದ ಜಾಗ ಸುಮಾರು ನೂರು ಚದರಡಿ. ಅಳವಡಿಸಿದ ಸಂಸ್ಥೆಯೇ ಐದು ವರ್ಷ ನಿರ್ವಹಣೆಯ ಹೊಣೆ ಹೊರಬೇಕೆಂಬ ನಿಯಮ ಈ ಯೋಜನೆಯಲ್ಲಿ ಇರುವುದು ಸ್ತುತ್ಯವಾದ ಸಂಗತಿ. ಆದರೆ ಫಲಕದ ಆಯುಸ್ಸು 25 ವರ್ಷ. ಉಳಿದ ಇಪ್ಪತ್ತು ವರ್ಷ ಬೇಸಗೆಯ ಧೂಳು ಒರೆಸುವವರು ಯಾರು, ಇನ್ವರ್ಟರು ಸುಟ್ಟರೆ ಬದಲಿಸುವ ಖರ್ಚು ಯಾರದು, ಪಕ್ಕದ ಮನೆಯವರು ಇನ್ನೆರಡು ಅಂತಸ್ತು ಏರಿಸಿ ನೆರಳು ಬಿದ್ದರೆ ಪರಿಹಾರವೇನು ಎಂಬ ಪ್ರಶ್ನೆಗಳಿಗೆ ಇಂದಿನ ಯೋಜನೆಯಲ್ಲಿ ಉತ್ತರವಿಲ್ಲ. ಸಹಾಯಧನದ ಒಂದು ಭಾಗವನ್ನು ಹಿಂದಿಟ್ಟುಕೊಂಡು, ಫಲಕಗಳು ನಿಜವಾಗಿ ವಿದ್ಯುತ್ತು ಕೊಟ್ಟ ವರ್ಷಗಳಲ್ಲಿ ಕಂತುಕಂತಾಗಿ ಕೊಟ್ಟರೆ, ಮನೆಯವರ ಆಸಕ್ತಿ ಮೊದಲ ತಿಂಗಳಲ್ಲಿಯೇ ಆರದು. ಎಷ್ಟು ಯೂನಿಟ್ ಉತ್ಪತ್ತಿಯಾಯಿತೆಂಬುದನ್ನು ಮೀಟರು ಹೇಗೂ ಬರೆದಿಡುತ್ತದೆ; ಹೊಸ ಇಲಾಖೆಯೇನೂ ಇದಕ್ಕೆ ಬೇಕಾಗಿಲ್ಲ.

ಇಂಥ ಪದ್ಧತಿ ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಸೌರಶಕ್ತಿಯಿಂದ ನೀರು ಕಾಯಿಸುವ ಉಪಕರಣವಿದ್ದ ಮನೆಗಳಿಗೆ ವಿದ್ಯುತ್ತಿನ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿಗೆ ಮೀರದಂತೆ ರಿಯಾಯಿತಿ ಕೊಡುವ ಪದ್ಧತಿಯನ್ನು ನಮ್ಮ ವಿದ್ಯುತ್ ಸರಬರಾಜು ಕಂಪನಿಗಳು ದೀರ್ಘಕಾಲ ನಡೆಸಿಕೊಂಡು ಬಂದುವು. ಮೊತ್ತ ಸಣ್ಣದು. ಆದರೆ ಅದು ತಿಂಗಳು ತಿಂಗಳೂ ಬಿಲ್ಲಿನಲ್ಲಿ ಕಾಣುತ್ತಿತ್ತು, ಮನೆಯೊಡೆಯನ ಒಳ್ಳೆಯ ಆಯ್ಕೆಯನ್ನು ಸಮಾಜ ಗಮನಿಸುತ್ತಿದೆಯೆಂದು ತಿಳಿಸುತ್ತಿತ್ತು. ಇದರ ಜೊತೆಗೆ ಹೊಸ ಮನೆಗೆ ವಿದ್ಯುತ್ ಸಂಪರ್ಕ ಬೇಕಾದರೆ ಈ ಉಪಕರಣ ಇರಲೇಬೇಕೆಂಬ ನಿಯಮವೂ ಸೇರಿ, ಬೆಂಗಳೂರಿನ ಮಾಳಿಗೆಗಳ ಮೇಲೆ ಬಿಸಿನೀರಿನ ಟ್ಯಾಂಕುಗಳು ಸಾಲುಸಾಲಾಗಿ ಎದ್ದು ನಿಂತುವು.

ಒಂದು ಕೈಯಿಂದ ಕೊಡುವ ಪ್ರೋತ್ಸಾಹವನ್ನು ಇನ್ನೊಂದು ಕೈ ಅಳಿಸಿಹಾಕದಂತೆ ನೋಡಿಕೊಳ್ಳುವುದು ಸರ್ಕಾರಗಳ ಕರ್ತವ್ಯ. ರಾಜ್ಯದ ಗೃಹಜ್ಯೋತಿ ಯೋಜನೆಯಿಂದ 2023ರಿಂದೀಚೆಗೆ ಕೋಟಿಗೂ ಮೀರಿದ ಮನೆಗಳ ವಿದ್ಯುತ್ ಖರ್ಚು ಶೂನ್ಯವಾಗಿದೆ. ಬಡ ಸಂಸಾರಕ್ಕೆ ಅದು ಕೊಟ್ಟಿರುವ ನೆಮ್ಮದಿಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅದರ ಲೆಕ್ಕದ ಕ್ರಮದಲ್ಲಿ ಒಂದು ದೋಷವಿದೆ. 2022-23ರಲ್ಲಿ ಮನೆಯೊಂದು ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತವೆಂದು ಗೊತ್ತುಮಾಡಲಾಯಿತು. ಆದುದರಿಂದ ತಿಂಗಳಿಗೆ 60 ಯೂನಿಟ್ಟಿನಲ್ಲಿ ಬಾಳುತ್ತಿದ್ದ ಮಿತವ್ಯಯಿಗೆ 66 ಯೂನಿಟ್ ದೊರೆತರೆ, 180 ಬಳಸುತ್ತಿದ್ದವನಿಗೆ 198 ದೊರೆಯಿತು. 48 ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ಹತ್ತು ಯೂನಿಟ್ ಹೆಚ್ಚು ಕೊಡುವ ತಿದ್ದುಪಡಿ 2024ರಲ್ಲಿ ಬಂದಿತಾದರೂ, ಉಳಿಸಿದವನಿಗೆ ಉಳಿತಾಯದ ಫಲವಿಲ್ಲವೆಂಬ ಮೂಲದೋಷ ಹಾಗೆಯೇ ಉಳಿದಿದೆ. ಬಿಲ್ಲೇ ಇಲ್ಲದ ಮನೆಗೆ ಮಾಳಿಗೆಯ ಮೇಲೆ ಫಲಕ ಹಾಕಿಸುವುದಕ್ಕೂ, ಹಳೆಯ ಫ್ರಿಜ್ಜು ಬದಲಿಸುವುದಕ್ಕೂ, ಹಗಲಿನಲ್ಲಿ ಉರಿಯುವ ದೀಪ ಆರಿಸುವುದಕ್ಕೂ ಯಾವ ಆರ್ಥಿಕ ಕಾರಣವೂ ಇಲ್ಲ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಉಚಿತದ ಹಕ್ಕು ಹಾಗೆಯೇ ಇರಲಿ. ಆ ಹಕ್ಕಿನೊಳಗೆ ಬಳಸದೆ ಬಿಟ್ಟ ಪ್ರತಿಯೊಂದು ಯೂನಿಟ್ಟಿನ ಬೆಲೆಯಲ್ಲಿ ಅರ್ಧವನ್ನು ವರ್ಷಕ್ಕೊಮ್ಮೆ ಮನೆಯವರ ಖಾತೆಗೆ ಹಾಕಲಿ. ಮಿತವ್ಯಯಿಗೆ ಲಾಭ, ಬೊಕ್ಕಸಕ್ಕೂ ಇನ್ನರ್ಧ ಉಳಿತಾಯ.

ಹೊಲದ ವಿಷಯದಲ್ಲಿ ಈ ವಿರೋಧ ಇನ್ನೂ ತೀವ್ರವಾದದ್ದು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದೇ ರೈತನಿಗೆ ನೀರು ಉಳಿಸುವ ಹನಿ ನೀರಾವರಿಗೆ ಶೇಕಡಾ 90ರವರೆಗೆ ಸಹಾಯಧನ. ನೀರೆತ್ತುವುದಕ್ಕೆ ಬೆಲೆಯಿಲ್ಲದಿರುವಾಗ ಉಳಿಸುವುದಕ್ಕೆ ಮನಸ್ಸು ಹೇಗೆ ಬಂದೀತು? ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆ ಬಾವಿಗಳು ಸಾವಿರ ಅಡಿಯನ್ನು ದಾಟಿ ಹೋದುದರಲ್ಲಿ ಬರಗಾಲದ ಪಾಲೊಂದಿದ್ದರೆ ಈ ನೀತಿಯ ಪಾಲೂ ಒಂದಿದೆ. ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಿರೆಂದು ಹೇಳುವುದು ಸುಲಭ, ಆದರೆ ಸಾಲದಲ್ಲಿರುವ ರೈತನ ವಿಷಯದಲ್ಲಿ ಅದು ನ್ಯಾಯವಾಗದು. ಇನ್ನೊಂದು ಮಾರ್ಗವನ್ನು ನಮ್ಮ ರಾಜ್ಯವೇ ಪ್ರಯೋಗಿಸಿ ನೋಡಿದೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಎಂಬ ಹೆಸರಿನಿಂದ ರೈತರಿಗೆ ಸೌರ ಪಂಪುಗಳನ್ನು ಕೊಟ್ಟು, ನೀರೆತ್ತಿ ಉಳಿದ ವಿದ್ಯುತ್ತನ್ನು ಬೆಸ್ಕಾಂ ಸಂಸ್ಥೆಗೆ ಮಾರುವ ಅವಕಾಶ ಕಲ್ಪಿಸಲಾಯಿತು. ಆ ಪ್ರಯೋಗದ ತತ್ತ್ವವನ್ನು ಎತ್ತಿ ಹಿಡಿಯಬೇಕು: ಎತ್ತದೆ ಬಿಟ್ಟ ನೀರಿಗೂ ಅಲ್ಲಿ ಬೆಲೆ ಬಂದಿತು. ಪಂಪು ನಿಲ್ಲಿಸಿದ ಗಳಿಗೆಯಲ್ಲಿಯೂ ರೈತನಿಗೆ ಆದಾಯವುಂಟೆಂದಾದರೆ, ಅಂತರ್ಜಲದ ರಕ್ಷಣೆಯನ್ನು ಆತನಿಗೆ ಬೋಧಿಸಬೇಕಾದ ಅಗತ್ಯ ಬಹುವಾಗಿ ತಗ್ಗುತ್ತದೆ.

ನೀರಿನ ಮಾತು ಬಂದುದರಿಂದ ಬೆಂಗಳೂರಿನ ಮಳೆನೀರಿನ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಈ ನಗರ ಕುಡಿಯುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರವನ್ನು ಪಂಪುಗಳ ಬಲದಿಂದ ಏರಿ ಬರುತ್ತದೆ. ಜಲಮಂಡಳಿಯ ವೆಚ್ಚದಲ್ಲಿ ದೊಡ್ಡ ಪಾಲು ವಿದ್ಯುತ್ತಿಗೇ ಹೋಗುತ್ತದೆ. ಅದೇ ನಗರದ ಮೇಲೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಸುರಿಯುತ್ತದೆ. ನಲವತ್ತು ಅಡಿಗೆ ಅರುವತ್ತು ಅಡಿಯ ಒಂದು ನಿವೇಶನದ ಮೇಲೆ ಬೀಳುವ ನೀರು ಎರಡು ಲಕ್ಷ ಲೀಟರಿಗೂ ಮೀರುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಮಾನದಂಡದಿಂದ ನಾಲ್ವರ ಸಂಸಾರಕ್ಕೆ ವರ್ಷದಲ್ಲಿ ಬೇಕಾಗುವುದು 1,97,000 ಲೀಟರ್. ಹರಿದು, ಆವಿಯಾಗಿ ನಷ್ಟವಾಗುವುದನ್ನು ಕಳೆದರೂ ಉಳಿಯುವ ಪಾಲು ಅಲ್ಪವಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದ ಮಧ್ಯಭಾಗದಲ್ಲಿ ವಿಜಯನಗರದಲ್ಲಿ ಮನೆ ಕಟ್ಟಿಸಿ, ಜಲಮಂಡಳಿಯ ನಲ್ಲಿ ಸಂಪರ್ಕವನ್ನೇ ಪಡೆಯದೆ ಮಳೆನೀರಿನಲ್ಲಿಯೇ ಸಂಸಾರ ನಡೆಸಿ ತೋರಿಸಿದರು. ಆಗ ಅದಕ್ಕೆ ಸಹಾಯಧನವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಕಾನೂನು ಬಂದದ್ದು 2009ರಲ್ಲಿ. ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ಮಾಡಿ ದೊಡ್ಡ ನಿವೇಶನಗಳ ಮನೆಗಳಿಗೂ ಹೊಸದಾಗಿ ಕಟ್ಟುವ ಮನೆಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಯಿತು. ಮಾಡದವರಿಗೆ ನೀರಿನ ಬಿಲ್ಲಿನಲ್ಲಿಯೇ ದಂಡ ಸೇರಿತು. ಒಬ್ಬ ವ್ಯಕ್ತಿಯ ಆಯ್ಕೆ ಮೊದಲು ಬಂದು, ಅದು ಸಾಧ್ಯವೆಂಬುದಕ್ಕೆ ಸಾಕ್ಷಿಯಾದ ಮೇಲೆ ಶಾಸನ ಹಿಂಬಾಲಿಸಿತು.

ಆದರೆ ಇಲ್ಲಿಯೂ ಕಾನೂನು ನೋಡುವುದು ಕೊಳವೆ ಇದೆಯೆ ಎಂಬುದನ್ನು. ಕೊಳವೆಯಲ್ಲಿ ನೀರು ಹರಿಯುತ್ತಿದೆಯೆ ಎಂಬುದನ್ನಲ್ಲ. ಮುಂಗಾರು ಹತ್ತಿರವಾದಾಗ ಮಾಳಿಗೆ ಏರಿ ನೋಡಿದರೆ ಅನೇಕ ಮನೆಗಳಲ್ಲಿ ಕಾಣುವುದು ಹೀಗೆ: ನೀರಿಳಿಯುವ ಬಾಯಿಗೆ ಹಾಕಿದ ಜಾಲರಿಯಲ್ಲಿ ಕಳೆದ ವರ್ಷದ ಹೊಂಗೆಯ ಎಲೆ ಮೆತ್ತಿಕೊಂಡು ಒಣಗಿದೆ, ಸೋಸುವ ಡ್ರಮ್ಮಿನ ಮೇಲ್ಪದರದ ಮರಳು ಕಲ್ಲಿನಂತೆ ಗಟ್ಟಿಯಾಗಿದೆ, ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಡುವ ವಾಲ್ವು ತುಕ್ಕು ಹಿಡಿದು ತಿರುಗದಾಗಿದೆ. ಮಳೆ ಬಂದಾಗ ನೀರು ಜಾಲರಿಯಲ್ಲಿ ತಡೆದು ಮಾಳಿಗೆಯ ಮೇಲೆ ನಿಂತು, ಬದಿಯಿಂದ ಉಕ್ಕಿ ರಸ್ತೆಗೆ ಹರಿಯುತ್ತದೆ. ತಪಾಸಣೆಯ ಕಾಗದದಲ್ಲಿ ಮಾತ್ರ ಆ ಮನೆ ನಿಯಮ ಪಾಲಿಸಿದ ಮನೆ. ಜಾಲರಿ ತೊಳೆಯುವುದಕ್ಕೆ, ಮರಳನ್ನು ಹೊರತೆಗೆದು ಜಾಲಾಡಿ ಒಣಗಿಸಿ ಮತ್ತೆ ತುಂಬುವುದಕ್ಕೆ ಬೇಕಾಗುವುದು ವರ್ಷಕ್ಕೆ ಒಂದು ಬೆಳಗಿನ ಕೆಲಸ. 2024ರ ಮಾರ್ಚಿನಲ್ಲಿ ನಗರದ ಕೊಳವೆ ಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಬೇಕಾಗಿ ಬಂದಾಗ, ಈ ಒಂದು ಬೆಳಗಿನ ಕೆಲಸದ ಬೆಲೆ ಎಲ್ಲರ ಅನುಭವಕ್ಕೂ ಬಂದಿತು. ದಂಡದ ಜೊತೆಗೆ ಪುರಸ್ಕಾರವೂ ಇರಲಿ. ಪ್ರತಿವರ್ಷವೂ ತನ್ನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಟ್ಟು ತೋರಿಸುವ ಮನೆಗೆ ನೀರಿನ ಶುಲ್ಕದಲ್ಲಿಯೋ ಆಸ್ತಿ ತೆರಿಗೆಯಲ್ಲಿಯೋ ಸಣ್ಣದಾದರೂ ವಿನಾಯಿತಿ ದೊರೆಯಲಿ.

ಇಲ್ಲಿ ಇಬ್ಬರು ಆಕ್ಷೇಪಿಸಬಹುದು. ಕರ್ತವ್ಯ ಮಾಡುವುದಕ್ಕೆ ಹಣವೇಕೆ, ಹಣದಿಂದ ಕೊಂಡ ಸದಾಚಾರ ಹಣದೊಡನೆಯೇ ಹೋಗುವುದಲ್ಲವೆ ಎಂದು ಒಬ್ಬರು ಕೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ವಿದ್ಯುತ್ ಚಾಲಿತ ದ್ವಿಚಕ್ರ ವಾಹನಗಳ ಮೇಲಿನ ಕೇಂದ್ರದ ಸಹಾಯಧನವನ್ನು 2023ರ ಜೂನ್‌ನಲ್ಲಿ, ಬೆಲೆಯ ಶೇಕಡಾ 40ರ ಮಿತಿಯಿಂದ 15ರ ಮಿತಿಗೆ ಇಳಿಸಿದಾಗ, ಆ ಒಂದು ತಿಂಗಳ ಮಾರಾಟ ಹಿಂದಿನ ತಿಂಗಳಿನ ಅರ್ಧಕ್ಕಿಂತಲೂ ಕೆಳಗೆ ಬಿದ್ದಿತು. ಅನಂತರ ಚೇತರಿಸಿಕೊಂಡರೂ, ರಿಯಾಯಿತಿಯೊಂದನ್ನೇ ನಂಬಿದ ಆಯ್ಕೆ ಎಷ್ಟು ಹಗುರವಾದುದೆಂಬುದು ಅದರಿಂದ ತಿಳಿಯಿತು. ಆದರೆ ಸರ್ವರೂ ನಿಷ್ಕಾಮ ಕರ್ಮಿಗಳಾಗುವವರೆಗೆ ನದಿ ಕಾಯದು, ಬಾವಿ ಕಾಯದು. ಪುರಸ್ಕಾರವು ಅಭ್ಯಾಸ ಹುಟ್ಟಿಸುವುದಕ್ಕೆ ಸಾಧನ. ಕೊಳ್ಳುವಾಗ ಒಮ್ಮೆ ಕೊಟ್ಟರೆ ಅದು ಆಸೆಯನ್ನು ಮಾತ್ರ ಹುಟ್ಟಿಸುತ್ತದೆ, ಪಾಲನೆಗೆ ಮತ್ತೆ ಮತ್ತೆ ಕೊಟ್ಟರೆ ಅಭ್ಯಾಸವನ್ನು ಹುಟ್ಟಿಸುತ್ತದೆ. ನೂರು ಕಾರ್ಖಾನೆಗಳ ಹೊಗೆಯ ಎದುರಿನಲ್ಲಿ ನಾನೊಬ್ಬ ದೀಪ ಆರಿಸಿ ಏನಾದೀತು ಎಂದು ಇನ್ನೊಬ್ಬರು ಕೇಳಬಹುದು. ಕಾರ್ಖಾನೆಗಳನ್ನು ಹದ್ದುಬಸ್ತಿನಲ್ಲಿಡುವುದು ಸರ್ಕಾರದ ಕೆಲಸ, ಅದನ್ನು ಪಟ್ಟು ಹಿಡಿದು ಕೇಳತಕ್ಕದ್ದು. ಆದರೆ ತನ್ನ ಮನೆಯಲ್ಲಿ ನಡೆಸಿ ತೋರಿಸಿದವನ ಕೇಳಿಕೆಗೆ ಬರುವ ಬಲ ಬೇರೆಯೇ. ಶಿರಸಿಯ ಮೇಸ್ತ್ರಿಗೆ ಎರಡನೆಯ ಕೆಲಸ ದೊರೆತದ್ದು ಮೊದಲನೆಯ ಮನೆಯ ಒಲೆಯನ್ನು ನೆರೆಯವರು ನೋಡಿದುದರಿಂದ.

ನ್ಯಾಯದ ದೃಷ್ಟಿಯಿಂದಲೂ ಒಂದು ಮಾತು ಹೇಳಲೇಬೇಕು. ಸೌರಫಲಕದ ಸಹಾಯಧನ ಸ್ವಂತ ಮಾಳಿಗೆಯುಳ್ಳವನಿಗೆ; ಸ್ಕೂಟರಿನ ರಿಯಾಯಿತಿ ಸ್ಕೂಟರು ಕೊಳ್ಳಬಲ್ಲವನಿಗೆ. ಬಾಡಿಗೆ ಮನೆಯಲ್ಲಿರುವ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ, ಕಟ್ಟಡದ ಕೂಲಿಯವನಿಗೆ ಇವೆರಡೂ ದೂರ. ಆದರೆ ಎಲ್ಲರಿಗಿಂತ ಕಡಮೆ ವಿದ್ಯುತ್ತು, ಕಡಮೆ ಪೆಟ್ರೋಲು, ಕಡಮೆ ನೀರು ಬಳಸಿ ಬಾಳುತ್ತಿರುವವರು ಇವರೇ. 2023ರ ಜೂನ್ 11ರಂದು ಆರಂಭವಾದ, ಉಚಿತ ಪ್ರಯಾಣದ ಶಕ್ತಿ ಯೋಜನೆ ಮಹಿಳೆಯರನ್ನು ಸರ್ಕಾರಿ ಬಸ್ಸಿಗೆ ಕರೆತಂದಿತು. ಅದನ್ನು ಪರಿಸರದ ಹೆಸರಿನಲ್ಲಿ ಯಾರೂ ಘೋಷಿಸಲಿಲ್ಲವಾದರೂ, ತುಂಬಿ ಹೋಗುವ ಒಂದು ಬಸ್ಸು ಹಲವಾರು ಸ್ವಂತ ವಾಹನಗಳ ಹೊಗೆಯನ್ನು ತಪ್ಪಿಸಬಲ್ಲದೆಂಬುದು ನಿರ್ವಿವಾದ. ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸುವುದು, ನಿಲ್ದಾಣದವರೆಗೆ ನಡೆಯಲು ಯೋಗ್ಯವಾದ ಕಾಲುದಾರಿ ಕಟ್ಟುವುದು, ಶಾಲೆ ಮತ್ತು ಸಮುದಾಯ ಭವನಗಳ ಮಾಳಿಗೆಯ ಮೇಲೆ ಸೌರಫಲಕ ಹಾಕಿ ಅದರ ಫಲವನ್ನು ಬಾಡಿಗೆದಾರರ ಬಿಲ್ಲುಗಳಿಗೆ ಹಂಚುವುದು, ಇವು ಇಂಥವರಿಗೂ ತಲುಪುವ ಪ್ರೋತ್ಸಾಹಗಳು. ದೆಹಲಿಯ ವಿದ್ಯುತ್ ನಿಯಮಗಳಲ್ಲಿ ಸೌರವಿದ್ಯುತ್ತಿನ ಇಂಥ ಹಂಚಿಕೆಗೆ ಈಗಾಗಲೇ ಸ್ಥಾನವಿದೆ. ಹಸಿರು ಪ್ರೋತ್ಸಾಹವು ಅನುಕೂಲವಂತರ ಸೌಲಭ್ಯವಾಗಿ ಉಳಿದರೆ ಜನಸಾಮಾನ್ಯರ ಅಭಿಮಾನ ಅದಕ್ಕೆ ದೊರೆಯುವುದಿಲ್ಲ.

ಯಾವ ಸಹಾಯಧನವೂ ಬೇಕಾಗದ ಕೆಲಸಗಳೂ ಇವೆ. ಹಸಿ ಕಸ, ಒಣ ಕಸಗಳನ್ನು ಅಡುಗೆಮನೆಯಲ್ಲಿಯೇ ಬೇರ್ಪಡಿಸುವುದು, ಪೌರಕಾರ್ಮಿಕರ ಕೈಗೆ ಕೊಳೆತ ರಾಶಿಯನ್ನು ಕೊಡದಿರುವುದು, ಹರಿದ ಚಪ್ಪಲಿ ಹೊಲಿಸುವುದು, ಕೆಟ್ಟ ಫ್ಯಾನು ರಿಪೇರಿ ಮಾಡಿಸುವುದು, ಮದುವೆಯ ಪಂಕ್ತಿಯಲ್ಲಿ ಬಾಳೆಲೆ ಹಾಕಿ ಪ್ಲಾಸ್ಟಿಕ್ ಬಾಟಲಿಗೆ ಬದಲು ಲೋಟದಲ್ಲಿ ನೀರು ಬಡಿಸುವುದು, ಇವು ಖರ್ಚನ್ನು ಕಡಮೆ ಮಾಡುವ ಆಯ್ಕೆಗಳು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಆದರೂ ಸಂತೆಯಲ್ಲಿ ಅವು ಇಂದಿಗೂ ಸಿಗುತ್ತಿರುವುದಕ್ಕೆ ಮಾರುವವನೊಬ್ಬನೇ ಹೊಣೆಯಲ್ಲ, ಕೈಚೀಲ ತಾರದೆ ಹೋಗುವ ನಾವೂ ಹೊಣೆ.

ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳು ಮೂರು. ಪ್ರತಿಯೊಂದು ಹಸಿರು ಸಹಾಯಧನದಲ್ಲಿಯೂ ಒಂದು ಭಾಗವನ್ನು ಪಾಲನೆಯ ವರ್ಷಗಳಿಗೆ ಕಂತಾಗಿ ಹಂಚಬೇಕು. ಉಚಿತವಾಗಿ ಕೊಡುವ ವಿದ್ಯುತ್ತಿನಲ್ಲಿ ಉಳಿಸಿದವರಿಗೆ, ಮನೆಯಾಗಲಿ ಹೊಲವಾಗಲಿ, ಉಳಿಸಿದ್ದರ ಪಾಲು ಕೊಡಬೇಕು. ಗ್ರಾಮ ಪಂಚಾಯಿತಿಗೂ ನಗರದ ವಾರ್ಡಿಗೂ ಸೌರಫಲಕ, ಗೋಬರ್ ಗ್ಯಾಸ್, ಮಳೆನೀರಿನ ಕೆಲಸ ಬಲ್ಲ ಸ್ಥಳೀಯ ಯುವಕ ಯುವತಿಯರನ್ನು ತರಬೇತುಗೊಳಿಸಿ, ಅವರ ಆದಾಯವನ್ನು ಸುಸ್ಥಿತಿಯಲ್ಲಿರುವ ವ್ಯವಸ್ಥೆಗಳ ಸಂಖ್ಯೆಗೆ ಹೊಂದಿಸಬೇಕು. ಓದುಗರಲ್ಲಿ ನನ್ನ ಕೋರಿಕೆ ಇದಕ್ಕಿಂತ ಚಿಕ್ಕದು: ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಉಪಕರಣವನ್ನು ಮೊದಲು ನೋಡಿ, ಮಾಳಿಗೆ ಏರಿ ಜಾಲರಿ ತೊಳೆಯಿರಿ, ಫಲಕದ ಧೂಳು ಒರೆಸಿ, ಕಟ್ಟಿ ಬಿಟ್ಟಿರುವ ಗೋಬರ್ ಗ್ಯಾಸ್ ಗುಂಡಿಯನ್ನು ಮೇಸ್ತ್ರಿಗೆ ತೋರಿಸಿ ವಿಚಾರಿಸಿ. ಸರ್ಕಾರ ತನ್ನ ಪಾಲಿನ ತಿದ್ದುಪಡಿಯನ್ನು ಮುಂದಿನ ಆಯವ್ಯಯದಲ್ಲಿ ಮಾಡಬಹುದು. ನಮ್ಮ ಪಾಲಿನ ಕೆಲಸವನ್ನು ನಾವು ಈ ವಾರವೇ ಆರಂಭಿಸಬಹುದು.